ತುಂಟ ಹುಡುಗ ಹುಟ್ಟಿದ ತಿಂಗಳು ಯಾವುದು?

ಹುಡುಗ ತರಗತಿಯಲ್ಲಿ ಕೂತಿದ್ದಾನೆ. ಒಂದು ಕಾಲು ಮಡಚಿ ಬೆಂಚಿನ ಮೇಲಿದೆ, ಇನ್ನೊಂದು ಕೆಳಗೆ ಆಡುತ್ತಲೇ ಇದೆ. ಪೆನ್ಸಿಲ್ ಮೂರನೇ ಸಲ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಅಲ್ಲಿ ಹೋಗುತ್ತಿದ್ದ ಇರುವೆ ನೋಡುತ್ತಾ ಉಳಿದುಬಿಟ್ಟ. ಸ್ವಲ್ಪ ದಿನಕ್ಕೆ ಅಪ್ಪ ಅಮ್ಮನಿಗೆ ಶಾಲೆಯಿಂದ ಮಾತು ಬರುತ್ತದೆ: 'ಎಡಿಎಚ್‌ಡಿ ಇರಬಹುದು, ಒಮ್ಮೆ ಡಾಕ್ಟರಿಗೆ ತೋರಿಸಿ.' ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವ, ಸುಮ್ಮನೆ ಕೂರಲಾಗದ, ತಡೆದುಕೊಳ್ಳಲಾಗದ ತೊಂದರೆ. ಅಪ್ಪ ಅಮ್ಮನಿಗೆ ರಾತ್ರಿಯಿಡೀ ಒಂದೇ ಯೋಚನೆ. ಇದು ನಿಜವಾಗಿಯೂ ತೊಂದರೆಯಾ, ಇಲ್ಲ ವಯಸ್ಸಿನ ತುಂಟತನವಾ?

ಹೀಗೆ ಕೇಳುವವರನ್ನು 'ಒಪ್ಪಿಕೊಳ್ಳೋಕೆ ತಯಾರಿಲ್ಲ' ಎಂದು ಬಾಯಿ ಮುಚ್ಚಿಸುವುದು ತಪ್ಪು. ಅವರ ಅನುಮಾನಕ್ಕೆ ಗಟ್ಟಿ ಆಧಾರವೇ ಇದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 6ರಿಂದ 12 ವರ್ಷದ 9 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ಪರಿಶೀಲಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಅಲ್ಲಿ ಶಾಲೆ ಸೇರಲು ಡಿಸೆಂಬರ್ 31 ಗಡಿ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ತರಗತಿಯಲ್ಲಿ ಇರುತ್ತಾರೆ. ಡಿಸೆಂಬರಿನ ಹುಡುಗರಿಗೆ ಎಡಿಎಚ್‌ಡಿ ಎಂದು ಹೇಳಿದ್ದು ಜನವರಿಯವರಿಗಿಂತ ಶೇ. 30 ಜಾಸ್ತಿ. ಔಷಧಿ ಬರೆದುಕೊಟ್ಟಿದ್ದು ಶೇ. 41 ಜಾಸ್ತಿ. ಡಿಸೆಂಬರಿನ ಕೊನೆಗೆ ಹುಟ್ಟಿದವನಿಗೂ ಮರುವಾರ, ಅಂದರೆ ಜನವರಿಯಲ್ಲಿ ಹುಟ್ಟಿ ಒಂದು ವರ್ಷ ತಡವಾಗಿ ಶಾಲೆ ಸೇರುವವನಿಗೂ ಮೆದುಳಲ್ಲಿ ಅಷ್ಟು ವ್ಯತ್ಯಾಸ ಎಲ್ಲಿಂದ ಬರಬೇಕು? ಬೇರೆಯಾಗಿದ್ದು ತರಗತಿ, ಅಷ್ಟೇ. ಆರು ವರ್ಷದವನಿಗೆ ಹನ್ನೊಂದು ತಿಂಗಳು ಅಂದರೆ ಬದುಕಿನ ಹೆಚ್ಚುಕಡಿಮೆ ಆರನೇ ಒಂದು ಪಾಲು. ಅಷ್ಟು ದೊಡ್ಡವರ ಪಕ್ಕ ಕೂರಿಸಿದರೆ ಚಿಕ್ಕವನು ಚಂಚಲವಾಗಿ ಕಾಣದೆ ಇರುತ್ತಾನಾ?

ಹಾಗಂತ ಎಡಿಎಚ್‌ಡಿ ಸುಮ್ನೆ ಕಟ್ಟಿದ ಕಥೆಯಲ್ಲ. ಅದು ಕುಟುಂಬಗಳಲ್ಲಿ ಹರಿದುಬರುತ್ತದೆ. 2007ರಲ್ಲಿ ಅಮೆರಿಕದ ಸಂಶೋಧಕರು ಮಕ್ಕಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಮೆದುಳಿನ ಹೊರಪದರದ ಅರ್ಧ ಭಾಗ ತನ್ನ ಪೂರ್ತಿ ದಪ್ಪಕ್ಕೆ ಬರುವುದು ಉಳಿದ ಮಕ್ಕಳಲ್ಲಿ ಏಳೂವರೆ ವರ್ಷದ ಹೊತ್ತಿಗೆ. ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆಗೆ. ಬೆಳವಣಿಗೆಯ ದಾರಿ ಹೆಚ್ಚುಕಡಿಮೆ ಅದೇ, ತಲುಪುವುದು ತಡ. ಆದರೆ ಒಂದು ಮಗುವಿನ ಸ್ಕ್ಯಾನ್ ನೋಡಿ ಇದೆ ಅಥವಾ ಇಲ್ಲ ಎಂದು ಹೇಳಲು ಆಗುವುದಿಲ್ಲ. ರಕ್ತಪರೀಕ್ಷೆಯೂ ಇಲ್ಲ. ನಡವಳಿಕೆ ನೋಡಿಯೇ ತೀರ್ಮಾನಿಸಬೇಕು. ಅದಕ್ಕೇ ಆತುರ ಕೂಡದು.

'ಮಾತ್ರೆ ಕೊಟ್ಟ ಮೇಲೆ ಸುಧಾರಿಸಿದ, ಅಂದಮೇಲೆ ಇತ್ತು ತಾನೇ?' ಎಂದು ಕೆಲವರು ಕೇಳುತ್ತಾರೆ. 1978ರಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಎಡಿಎಚ್‌ಡಿಗೆ ಕೊಡುವ ಆಂಫೆಟಮಿನ್ ಜಾತಿಯ ಔಷಧಿಯನ್ನು ಒಂದೇ ಒಂದು ಡೋಸ್ ಕೊಟ್ಟು ನೋಡಿದರು. ಅವರ ಓಡಾಟವೂ ತಗ್ಗಿತು, ಗಮನವೂ ಹೆಚ್ಚಿತು.

ಎಡಿಎಚ್‌ಡಿ ಗುರುತಿಸಲು ವೈದ್ಯರು ಬಳಸುವ ನಿಯಮದ ಪ್ರಕಾರ ನೋಡಬೇಕಾದ್ದು ಬೇರೆ. ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು, 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಬದುಕಿಗೆ ತೊಡಕಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು. ಗಣಿತದ ಪಾಠದಲ್ಲಿ ಮಾತ್ರ ಒದ್ದಾಡುವವನ ಕಥೆ ಬೇರೆ. ತಾನು ಇಷ್ಟಪಡುವ ಆಟದಲ್ಲೂ ಸರದಿ ಕಾಯಲಾಗದೆ, ಒಬ್ಬೊಬ್ಬರಾಗಿ ಗೆಳೆಯರನ್ನು ಕಳೆದುಕೊಂಡು ಮನೆಯಲ್ಲಿ ಅಳುವವನ ಕಥೆ ಬೇರೆ. ಆ ಎರಡನೆಯವನಿಗೆ ಮೀಥೈಲ್‌ಫೆನಿಡೇಟ್‌ನಂಥ ಔಷಧಿ ನಿಜಕ್ಕೂ ಆಸರೆಯಾಗಬಹುದು. ಭಯದಿಂದ ಅದನ್ನು ತಪ್ಪಿಸುವುದೂ ಅವನಿಗೆ ಅನ್ಯಾಯವೇ.

ಔಷಧಿ ಶುರುವಾದರೆ ಹಸಿವು, ನಿದ್ದೆ, ಎತ್ತರ, ತೂಕದ ಮೇಲೆ ಕಣ್ಣಿಡಿ. ಆರು ವರ್ಷದೊಳಗಿನ ಮಗುವಾದರೆ, ಔಷಧಿಗೆ ಮೊದಲು ಹೆತ್ತವರಿಗೆ ತರಬೇತಿ ಕೊಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ಡಾಕ್ಟರ ಎದುರು ಕೂತಾಗ ನೇರವಾಗಿ ಕೇಳಿ: 'ತರಗತಿಯಲ್ಲಿ ನಮ್ಮವನೇ ಚಿಕ್ಕವನು, ಅದನ್ನ ಲೆಕ್ಕಕ್ಕೆ ತಗೊಂಡ್ರಾ?'