ಮರಿಯಿಂದ ಮುಪ್ಪಿನವರೆಗೆ: ನಾಯಿಗೆ ಹಿಂಸೆಯಾಗದ ಮೈ ಆರೈಕೆ

ಉಗುರು ಕತ್ತರಿಸುವುದಕ್ಕಾಗಿ ನಾಯಿಗೆ ಮತ್ತಿನ ಚುಚ್ಚುಮದ್ದು ಕೊಡಿ ಎಂದು ಕೇಳಿಕೊಂಡು ಬರುವವರು ಪಶುವೈದ್ಯರಿಗೆ ಹೊಸಬರಲ್ಲ. ಅಂಥ ನಾಯಿಗಳಲ್ಲಿ ಹೆಚ್ಚಿನವು ಹುಟ್ಟಾ ಸಿಡುಕಿನವಾಗಿರುವುದಿಲ್ಲ. ಎಂದೋ ಒಮ್ಮೆ ಮನೆಮಂದಿಯೆಲ್ಲ ಸೇರಿ ಅದುಮಿ ಹಿಡಿದು, ನೆತ್ತರು ಬಂದರೂ ಬಿಡದೆ, ಹದಿನೆಂಟು ಉಗುರುಗಳನ್ನೂ ಒಂದೇ ಪಟ್ಟಿಗೆ ಕತ್ತರಿಸಿ ಮುಗಿಸಿದ್ದನ್ನು ಅವು ಮರೆತಿರುವುದಿಲ್ಲ. ಆದ್ದರಿಂದ ನಾಯಿ ಸಾಕುವವರು ಬ್ರಷ್ ಹಿಡಿಯುವುದಕ್ಕಿಂತ ಮೊದಲು ಕಲಿಯಬೇಕಾದದ್ದು ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವುದನ್ನು ಎಂದು ನಾನು ಹೇಳುತ್ತೇನೆ. ಇಂದು ಎರಡು ಉಗುರು, ನಾಳೆ ಮತ್ತೆರಡು ಎಂದಾದರೆ ಯಾವ ನಷ್ಟವೂ ಇಲ್ಲ.

ಮರಿಗೆ ಸುಮಾರು ಮೂರು ವಾರದಿಂದ ಹದಿನಾಲ್ಕು ವಾರದವರೆಗಿನ ಅವಧಿಯಲ್ಲಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಗುಣ ಹೆಚ್ಚಾಗಿರುತ್ತದೆ. ಲಸಿಕೆಗಳ ಸರಣಿ ಮುಗಿಯುವುದೂ ಹೆಚ್ಚುಕಡಿಮೆ ಹದಿನಾರನೆಯ ವಾರದ ಹೊತ್ತಿಗಾದ್ದರಿಂದ, ಪಾರ್ವೊ ಎಂಬ ವೈರಸ್ ಸೋಂಕಿನ ಭಯದಿಂದ ಮರಿಯನ್ನು ಹೊರಗೆ ಬಿಡದೆ ಇರುವ ಅನೇಕರು ಈ ಅಮೂಲ್ಯ ವಾರಗಳನ್ನು ಹಾಗೆಯೇ ಕಳೆದುಬಿಡುತ್ತಾರೆ. ಗ್ರೂಮಿಂಗ್ ಪಾರ್ಲರಿಗೆ ಹೋಗಲು ಕಾಯಬೇಕು ನಿಜ, ಆದರೆ ಮನೆಯೊಳಗಿನ ಅಭ್ಯಾಸಕ್ಕೆ ಕಾಯಬೇಕಿಲ್ಲ. ಮರಿಯ ಪಾದವನ್ನು ಹಿಡಿದು, ಅಂಗಾಲಿನ ಮೆತ್ತೆಯನ್ನು ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ, ಉಗುರು ಹೊರಚಾಚಿದ ಕೂಡಲೇ ಬಿಟ್ಟು, ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ಕೊಡಿ. ಮುಟ್ಟುವುದು ಮೊದಲು, ತಿನಿಸು ಆಮೇಲೆ: ಈ ಕ್ರಮ ತಪ್ಪಿ ತಿನಿಸನ್ನೇ ಮೊದಲು ತೋರಿಸಿದರೆ, ತಿನಿಸಿನ ವಾಸನೆ ಬಂದೊಡನೆ ಕಾಲು ಹಿಂದಕ್ಕೆಳೆದುಕೊಳ್ಳುವುದನ್ನು ಮರಿ ಕಲಿಯುತ್ತದೆ. ನೇಲ್ ಕಟರಿನ ಸದ್ದಿಗೆ ಒಗ್ಗಿಸಲು ಮರಿಯ ಪಕ್ಕದಲ್ಲಿ ಕುಳಿತು ಅದೇ ಕಟರಿನಿಂದ ತೆಂಗಿನ ಕಸಬರಿಕೆಯ ಕಡ್ಡಿಯನ್ನು ಟಕ್ ಟಕ್ ಎಂದು ಕತ್ತರಿಸುತ್ತಿದ್ದರೆ ಸಾಕು. ಕಿವಿಯ ಅಂಚನ್ನು ಮಗುಚಿ ನೋಡುವುದು, ತುಟಿ ಎತ್ತಿ ಹಲ್ಲು ನೋಡುವುದು, ದೂರದಲ್ಲಿ ಹೇರ್ ಡ್ರೈಯರ್ ಹಚ್ಚಿಟ್ಟು ಊಟ ಹಾಕುವುದು ಇವೆಲ್ಲ ಇದೇ ವಯಸ್ಸಿನ ಪಾಠಗಳು.

ಆರು ತಿಂಗಳಿನಿಂದ ಒಂದು ವರ್ಷದೊಳಗೆ ಮರಿಗೂದಲು ಉದುರಿ ಬಲಿತ ಕೂದಲು ಬರುತ್ತದೆ. ಶಿಟ್ಜು, ಲಾಸಾ ಆಪ್ಸೊ, ಪೂಡಲ್ ಮುಂತಾದ ತಳಿಗಳಲ್ಲಿ ಉದುರಿದ ಮರಿಗೂದಲು ನೆಲಕ್ಕೆ ಬೀಳದೆ ಹೊಸ ಕೂದಲಿಗೆ ಸಿಕ್ಕಿಕೊಂಡು, ಕಿವಿಯ ಹಿಂದೆ, ಮುಂಗಾಲಿನ ಕಂಕುಳಲ್ಲಿ ಮತ್ತು ಕೊರಳಪಟ್ಟಿಯ ಅಡಿಯಲ್ಲಿ ಜಡೆಗಟ್ಟುತ್ತದೆ. ಜಡೆಯಿದ್ದಾಗ ಸ್ನಾನ ಮಾಡಿಸಬಾರದು, ಏಕೆಂದರೆ ನೀರು ತಾಗಿ ಒಣಗಿದ ಗಂಟು ಇನ್ನಷ್ಟು ಬಿಗಿಯುತ್ತದೆ. ಬೆರಳುಗಳಿಂದ ಕೂದಲಿನ ಬುಡವನ್ನು ಚರ್ಮದ ಬಳಿಯೇ ಹಿಡಿದು, ಎಳೆತ ಚರ್ಮಕ್ಕೆ ತಾಗದಂತೆ ನೋಡಿಕೊಂಡು, ತುದಿಯಿಂದ ಬುಡದತ್ತ ಸ್ವಲ್ಪ ಸ್ವಲ್ಪವೇ ಬಾಚಬೇಕು. ಬಾಚಣಿಗೆ ಇಳಿಯದಷ್ಟು ಗಂಟಾಗಿದ್ದರೆ ಕತ್ತರಿ ಹಾಕಬೇಡಿ. ಗಂಟಿನೊಂದಿಗೆ ಚರ್ಮವೂ ಮೇಲೆದ್ದು ಕತ್ತರಿಯ ಬಾಯಿಗೆ ಸಿಗುತ್ತದೆ, ಕಿವಿಯ ಹಿಂದೆ ಹೀಗೆ ಸೀಳಿಕೊಂಡು ಹೊಲಿಗೆ ಹಾಕಿಸಿಕೊಳ್ಳಲು ಬರುವ ನಾಯಿಗಳಿಗೆ ಕೊರತೆಯಿಲ್ಲ. ಅಲ್ಲಿ ಕೂದಲು ಬೋಳಿಸುವ ಯಂತ್ರವಾದ ಕ್ಲಿಪ್ಪರೇ ಸರಿ. ಕ್ಲಿಪ್ಪರಿನ ಬ್ಲೇಡು ಓಡುತ್ತ ಓಡುತ್ತ ಕಾಯುವುದರಿಂದ ಆಗಾಗ ನಿಮ್ಮ ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಿ.

ಬಲಿತ ನಾಯಿಯ ವಿಷಯದಲ್ಲಿ ನಮ್ಮ ಬೇಸಿಗೆಯಲ್ಲಿ ನಡೆಯುವ ದೊಡ್ಡ ಅಚಾತುರ್ಯವೆಂದರೆ ಜರ್ಮನ್ ಶೆಪರ್ಡ್, ಗೋಲ್ಡನ್ ರಿಟ್ರೀವರ್, ಹಸ್ಕಿ, ಪೊಮೆರೇನಿಯನ್ ನಾಯಿಗಳ ಮೈಯನ್ನು ತಂಪಾಗಲೆಂದು ಬೋಳಿಸಿಬಿಡುವುದು. ಈ ತಳಿಗಳಿಗೆ ಮೇಲೆ ಒರಟಾದ, ಕೆಳಗೆ ಮೃದುವಾದ ಎರಡು ಪದರದ ಕೂದಲಿದ್ದು, ಮೇಲಿನ ಪದರವು ಬಿಸಿಲು ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಬೋಳಿಸಿದ ಮೇಲೆ ಕೆಲವು ನಾಯಿಗಳಿಗೆ ತಿಂಗಳುಗಟ್ಟಲೆ ಕೂದಲು ಬರುವುದೇ ಇಲ್ಲ. ಉದುರಿದ ಒಳಗೂದಲನ್ನು ಬಾಚಿ ತೆಗೆದರೆ ಗಾಳಿಯಾಡಲು ಅದೇ ಸಾಕು. ನಮ್ಮ ಮುಧೋಳ ನಾಯಿಯ ತುಂಡುಗೂದಲಿಗಂತೂ ರಬ್ಬರ್ ಕೈಗವಸು ಅಥವಾ ಒದ್ದೆ ಬಟ್ಟೆಯ ಉಜ್ಜಾಟವೇ ಧಾರಾಳ, ಆದರೆ ಚರ್ಮದಡಿಯ ಕೊಬ್ಬು ಕಡಿಮೆ ಇರುವ ಈ ನಾಯಿಗೆ ತಣ್ಣೀರಿನ ಸ್ನಾನ ಹಿತವಲ್ಲ.

ನಾಯಿಯ ಚರ್ಮದ ಹೊರಪದರ ನಮ್ಮದಕ್ಕಿಂತ ತೆಳು, ಅದರ ಆಮ್ಲೀಯತೆಯೂ ನಮ್ಮ ಚರ್ಮಕ್ಕಿಂತ ಕಡಿಮೆ. ಆದ್ದರಿಂದ ನಾವು ಬಳಸುವ ಸೋಪು, ಶಾಂಪೂ ಅದಕ್ಕೆ ಒಗ್ಗುವುದಿಲ್ಲ. ಉಣುಗು ಹೋಗಲೆಂದು ಸೀಮೆಎಣ್ಣೆ ಅಥವಾ ನೆಲ ಒರೆಸುವ ಫಿನಾಯಿಲ್ ಹಚ್ಚುವ, ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಸವರುವ ರೂಢಿಯನ್ನು ದಯವಿಟ್ಟು ಬಿಡಿ. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ, ಕರ್ಪೂರ ಅದರ ಹೊಟ್ಟೆ ಸೇರಿದರೆ ವಿಷ. ಕಾಲ್ಬೆರಳ ಸಂದಿ ಮತ್ತು ಕಿವಿಯೊಳಗೆ ಅಂಟಿಕೊಂಡ ಉಣುಗನ್ನು ಚಿಮುಟದಿಂದ ಚರ್ಮಕ್ಕೆ ತೀರ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಬೇಕು. ಬೆನ್ನಿಗೆ ಬಿಡುವ ಹನಿ ಔಷಧಿ ಹಾಕುವುದಿದ್ದರೆ, ಅದಕ್ಕೂ ಸ್ನಾನಕ್ಕೂ ಹಿಂದೆಮುಂದೆ ಎರಡೆರಡು ದಿನಗಳ ಅಂತರವಿರಲಿ.

ಉಗುರಿನ ಮಾತಿಗೆ ಬಂದರೆ, ಕಪ್ಪು ಉಗುರಿನೊಳಗಿನ ರಕ್ತನಾಳ ಹೊರಗಿನಿಂದ ಕಾಣುವುದಿಲ್ಲ. ಅಕ್ಕಿಕಾಳಿನ ದಪ್ಪಕ್ಕಿಂತ ಹೆಚ್ಚು ಕತ್ತರಿಸದೆ, ಪ್ರತಿ ಬಾರಿಯೂ ಕತ್ತರಿಸಿದ ಮುಖವನ್ನು ನೋಡುತ್ತ ಹೋದರೆ, ಮೊದಲು ಸುಣ್ಣದ ಪುಡಿಯಂತೆ ಬೆಳ್ಳಗಿದ್ದದ್ದು ನಡುವೆ ಸಣ್ಣ ಕಪ್ಪು ಚುಕ್ಕೆಯನ್ನು ತೋರಿಸುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ವಾರಕ್ಕೊಮ್ಮೆ ಇಷ್ಟಿಷ್ಟೇ ತೆಗೆಯುತ್ತಿದ್ದರೆ ರಕ್ತನಾಳವೂ ಕ್ರಮೇಣ ಹಿಂದೆ ಸರಿಯುವುದರಿಂದ, ಬಹಳ ಉದ್ದ ಬೆಳೆದ ಉಗುರನ್ನೂ ನೋವಿಲ್ಲದೆ ಹದಕ್ಕೆ ತರಬಹುದು. ತಪ್ಪಿ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿದುಕೊಳ್ಳಿ, ಆ ದಿನದ ಕೆಲಸವನ್ನು ಅಲ್ಲಿಗೇ ಮುಗಿಸಿ.

ನಿಲ್ಲಿಸಬೇಕಾದ ಹೊತ್ತು ಯಾವುದೆಂದು ನಾಯಿಯೇ ತಿಳಿಸುತ್ತದೆ. ತಿನಿಸಿಲ್ಲದಿದ್ದರೂ ತುಟಿ ಸವರಿಕೊಳ್ಳುವುದು, ನಿದ್ದೆಯ ಹೊತ್ತಲ್ಲದಾಗ ಆಕಳಿಸುವುದು, ತಲೆ ಅತ್ತ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು ಮೊದಲಿನ ಸೂಚನೆಗಳು. ಮೈ ಮರಗಟ್ಟಿದಂತೆ ಸ್ತಬ್ಧವಾಗುವುದು ಕೊನೆಯದು. ಸ್ತಬ್ಧವಾದ ನಾಯಿಯನ್ನು ‘ಈಗ ಸುಮ್ಮನಾಯಿತು’ ಎಂದು ತಿಳಿದು ಮುಂದುವರಿದವರೇ ಕಚ್ಚಿಸಿಕೊಳ್ಳುವುದು. ಗುರುಗುಟ್ಟಿದ್ದಕ್ಕೆ ಹೊಡೆದರೆ, ಮುಂದಿನ ಬಾರಿ ಅದು ಗುರುಗುಟ್ಟದೆಯೇ ಬಾಯಿ ಹಾಕಬಹುದು.

ಮುಪ್ಪಿನಲ್ಲಿ ಈ ಎಲ್ಲ ಲೆಕ್ಕಾಚಾರ ಬದಲಾಗುತ್ತದೆ. ದೊಡ್ಡ ತಳಿಗಳು ಏಳೆಂಟು ವರ್ಷಕ್ಕೇ ಮುದಿಯಾಗತೊಡಗುತ್ತವೆ, ಓಡಾಟ ಕಡಿಮೆಯಾಗಿ ಉಗುರು ಸವೆಯುವುದಿಲ್ಲ, ಉದ್ದನೆಯ ಉಗುರು ನೆಲಕ್ಕೊತ್ತಿ ಮೊದಲೇ ನೋಯುವ ಕೀಲುಗಳಿಗೆ ಇನ್ನಷ್ಟು ಶ್ರಮವಾಗುತ್ತದೆ. ನೆಲಕ್ಕೆ ತಾಗದ ಪಕ್ಕದ ಬೆರಳಿನ ಉಗುರಂತೂ ಸುರುಳಿಸುತ್ತಿ ಮಾಂಸದೊಳಕ್ಕೇ ನಾಟಿಕೊಳ್ಳುವುದುಂಟು. ಹೀಗೆ ಆರೈಕೆ ಹೆಚ್ಚು ಬೇಕಾದ ಕಾಲದಲ್ಲೇ ಅದನ್ನು ಸಹಿಸುವ ಶಕ್ತಿ ಕುಗ್ಗಿರುತ್ತದೆ. ಸಂಧಿವಾತವಿರುವ ಲ್ಯಾಬ್ರಡಾರಿನ ಹಿಂಗಾಲನ್ನು ಪಕ್ಕಕ್ಕೆ ಎಳೆದೆತ್ತಿದರೆ ಸೊಂಟದ ಕೀಲಿಗೆ ಆಗುವ ನೋವನ್ನು ನಾವು ಮೊಂಡುತನವೆಂದು ಅಪಾರ್ಥ ಮಾಡಿಕೊಳ್ಳುತ್ತೇವೆ. ಕಾಲನ್ನು ಮೈಯ ನೇರಕ್ಕೇ ಇಟ್ಟು, ಕುದುರೆಗೆ ಲಾಳ ಹೊಡೆಯುವವರಂತೆ ಹಿಂದಕ್ಕೆ ಸ್ವಲ್ಪವೇ ಮಡಚಿ ಹಿಡಿಯಬೇಕು, ಇಲ್ಲವೇ ನಾಯಿ ತಾನಾಗಿ ಒರಗಿ ಮಲಗಿದಾಗ ಎಷ್ಟು ಸಾಧ್ಯವೋ ಅಷ್ಟು ಮಾಡಬೇಕು. ಬಚ್ಚಲಿನ ಟೈಲ್ಸ್ ಮೇಲೆ ರಬ್ಬರ್ ಚಾಪೆ ಕಡ್ಡಾಯ. ಕಣ್ಣು, ಕಿವಿ ಮಂದವಾದ ನಾಯಿಯನ್ನು ಹಿಂದಿನಿಂದ ಏಕಾಏಕಿ ಮುಟ್ಟದೆ, ಮೂಗಿಗೆ ಕೈ ತೋರಿಸಿ, ಭುಜ ಮುಟ್ಟಿ, ಆಮೇಲೆ ಬ್ರಷ್ ಇಡಿ. ಬಾಚುವಾಗ ಸಿಗುವ ಗಡ್ಡೆಗಳ ಜಾಗ ಮತ್ತು ಗಾತ್ರವನ್ನು ಬರೆದಿಟ್ಟುಕೊಂಡರೆ, ಬೆಳೆಯುತ್ತಿದೆಯೇ ಇಲ್ಲವೇ ಎಂದು ಪಶುವೈದ್ಯರಿಗೆ ಹೇಳಲು ಅನುಕೂಲವಾಗುತ್ತದೆ.

ಇಷ್ಟಾದರೂ ಜಡೆಯಾಗಲಿ ಉಗುರಾಗಲಿ ನಿಭಾಯಿಸಲಾಗದಿದ್ದರೆ, ಹಿಡಿದು ಒದ್ದಾಡಿಸುವುದಕ್ಕಿಂತ ನೋವಿನ ಔಷಧಿ ಕೊಟ್ಟೋ ಲಘುವಾದ ಮತ್ತಿನ ಔಷಧಿ ಕೊಟ್ಟೋ ಮಾಡುವುದೇ ಲೇಸು. ಮುದಿ ನಾಯಿಗೆ ಮತ್ತಿನ ಔಷಧಿ ಕೊಡುವ ಮೊದಲು ಹೃದಯ ಪರೀಕ್ಷೆ ಮಾಡಿಸಿ, ಮೂತ್ರಪಿಂಡ ಮತ್ತು ಯಕೃತ್ತಿನ ಸ್ಥಿತಿ ತಿಳಿಯಲು ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಪಾರ್ಲರಿನವರು ತಾವೇ ಮಾತ್ರೆ ಕೊಡುತ್ತೇವೆಂದರೆ ಒಪ್ಪಬೇಡಿ; ಆ ಕೆಲಸ ಪಶುವೈದ್ಯರ ಮುಂದೆಯೇ ಆಗಬೇಕು.