ನೆಲ ಹುಡುಕುತ್ತಿರುವ ಕಾರ್ಟರೆಟ್ ದ್ವೀಪದವರು

ಪಪುವಾ ನ್ಯೂಗಿನಿಗೆ ಸೇರಿದ ಬೋಗನ್‌ವಿಲ್ ದ್ವೀಪದಿಂದ ಈಶಾನ್ಯಕ್ಕೆ ಸುಮಾರು 86 ಕಿಲೋಮೀಟರ್ ದೂರದಲ್ಲಿ ಕಾರ್ಟರೆಟ್ ದ್ವೀಪಗಳಿವೆ. ದೋಣಿಯಲ್ಲಿ ಬರುವವರಿಗೆ ಮೊದಲು ಕಾಣುವುದು ತೆಂಗಿನ ಮರಗಳ ತಲೆ. ನೆಲ ಎಲ್ಲೂ ಸಮುದ್ರಮಟ್ಟದಿಂದ ಒಂದೂವರೆ ಮೀಟರ್‌ಗಿಂತ ಎತ್ತರ ಇಲ್ಲ. ಹಾನ್, ಪಿಯುಲ್, ಹುಯೆನೆ ಮುಂತಾದ ತುಂಡು ದ್ವೀಪಗಳನ್ನೆಲ್ಲ ಸೇರಿಸಿದರೂ ಒಂದು ಚದರ ಕಿಲೋಮೀಟರ್ ಆಗುವುದಿಲ್ಲ. ಅಷ್ಟರಲ್ಲೇ ಸುಮಾರು ಎರಡೂವರೆ ಸಾವಿರ ಜನ ಬದುಕು ಕಟ್ಟಿಕೊಂಡಿದ್ದರು.

1767ರಲ್ಲಿ ಈ ಕಡೆ ಬಂದ ಬ್ರಿಟಿಷ್ ನೌಕಾಧಿಕಾರಿ ಫಿಲಿಪ್ ಕಾರ್ಟರೆಟ್‌ನ ಹೆಸರು ನಕ್ಷೆಯಲ್ಲಿ ಉಳಿಯಿತು. ಅಲ್ಲಿನವರು ತಮ್ಮ ಊರನ್ನು ತುಲುನ್ ಅನ್ನುತ್ತಾರೆ. ಅವರ ಮಾತು ಹಾಲಿಯಾ. ಬೋಗನ್‌ವಿಲ್‌ಗೆ ಅಂಟಿಕೊಂಡಂತಿರುವ ಬುಕಾ ದ್ವೀಪದಲ್ಲೂ ಇದೇ ಭಾಷೆ, ನಂಟಸ್ತನವೂ ಅಲ್ಲಿಯದೇ. ನೆಲದ ಹಕ್ಕು ತಾಯಿಯಿಂದ ಮಗಳಿಗೆ ಬರುತ್ತದೆ. ಈ ಮಾತು ನೆನಪಿರಲಿ, ಮುಂದಿನ ಕತೆಯೆಲ್ಲ ನೆಲದ್ದೇ.

ಮುಳುಗಿದ ಹಳೆಯ ಜ್ವಾಲಾಮುಖಿಯ ಅಂಚಿನಲ್ಲಿ ಬೆಳೆದ ಹವಳದ ಸಾಲಿನ ಮೇಲೆ ಅಲೆಗಳು ಮರಳು, ಹವಳದ ಚೂರು ತಂದು ಸುರಿದು ಆದ ನೆಲ ಇದು. ಹೊಳೆಯಿಲ್ಲ, ಗುಡ್ಡವಿಲ್ಲ. ಮಳೆ ನೀರು ಮರಳಿಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ನಿಲ್ಲುತ್ತದೆ. ಆ ಸಿಹಿನೀರಿನ ತನಕ ಗುಂಡಿ ತೋಡಿ, ಎಲೆ-ಸೊಪ್ಪು ಕೊಳೆಸಿ ಗೊಬ್ಬರ ಮಾಡಿ, ಅದರಲ್ಲಿ ಜವುಗು ಕೆಸುವಿನ ಗೆಡ್ಡೆ ಬೆಳೆಯುತ್ತಿದ್ದರು. ನಮ್ಮ ಪತ್ರೊಡೆಯ ಕೆಸುವಿನ ನೆಂಟ ಅದು, ಆದರೆ ಇನ್ನೂ ದೊಡ್ಡದು. ಊಟದ ಗಟ್ಟಿ ಆಧಾರ ಅದೇ, ಜೊತೆಗೆ ಮೀನು, ತೆಂಗು.

ದೊಡ್ಡ ಉಬ್ಬರ ಬಂದಾಗ ಸಮುದ್ರ ಈ ಗುಂಡಿಗಳಿಗೆ ನುಗ್ಗುತ್ತದೆ. ಉಪ್ಪು ಒಮ್ಮೆ ಕೂತರೆ ಗೆಡ್ಡೆ ಕೊಳೆಯುತ್ತದೆ, ಮಣ್ಣು ಸುಧಾರಿಸಲು ವರ್ಷಗಳೇ ಬೇಕು. ಬರುಬರುತ್ತಾ ಗುಂಡಿಗಳು ಖಾಲಿ ಬಿದ್ದವು. ಹಡಗಿನಲ್ಲಿ ಬರುವ ಅಕ್ಕಿಗೆ ಕಾಯುವುದು ಜಾಸ್ತಿಯಾಯಿತು. ಹುಯೆನೆ ದ್ವೀಪವನ್ನಂತೂ ಸಮುದ್ರ ನಡುವೆ ಕೊರೆದು ಎರಡು ಮಾಡಿದೆ. ಜನ ಹವಳದ ಕಲ್ಲು, ಚಿಪ್ಪು ಪೇರಿಸಿ ತಡೆಗೋಡೆ ಕಟ್ಟಿದರು. ಅಲೆ ಅದನ್ನು ಕೆಡವಿತು, ಮತ್ತೆ ಕಟ್ಟಿದರು.

ಕಾರಣದ ಬಗ್ಗೆ ವಾದವಿದೆ. ಈ ಭಾಗದಲ್ಲಿ ಭೂಫಲಕಗಳು ಒಂದಕ್ಕೊಂದು ಒತ್ತುವುದರಿಂದ ನೆಲವೇ ಕುಸಿಯುತ್ತಿರಬಹುದು ಎನ್ನುವವರಿದ್ದಾರೆ. ಆದರೆ 1990ರ ದಶಕದಿಂದ ಪಶ್ಚಿಮ ಪೆಸಿಫಿಕ್‌ನಲ್ಲಿ ಸಮುದ್ರ ಜಗತ್ತಿನ ಸರಾಸರಿಗಿಂತ ಬೇಗ ಏರಿದ್ದು ಅಳತೆಗೆ ಸಿಕ್ಕಿದ ಸಂಗತಿ. ಎರಡೂ ಒಟ್ಟಿಗೆ ನಡೆಯಬಹುದು, ಅಲ್ವಾ? ಭೂಮಿಯ ಬಿಸಿ ಏರಿಸುವ ಕಾರು, ಕಾರ್ಖಾನೆ ಏನೂ ಇಲ್ಲದ ಜನ ಇದರ ಬೆಲೆ ತೆರುತ್ತಿದ್ದಾರೆ ಅನ್ನುವುದು ನನ್ನನ್ನು ಬಹಳ ಕಾಡುತ್ತದೆ.

ಊರು ಬಿಡುವ ಮಾತು ಹೊಸದಲ್ಲ. 1984ರಲ್ಲೇ ಸರ್ಕಾರ ಕೆಲವು ಕುಟುಂಬಗಳನ್ನು ಬೋಗನ್‌ವಿಲ್‌ನ ಕುವೆರಿಯಾ ಎಂಬಲ್ಲಿಗೆ ಕರೆದೊಯ್ದು ನೆಲೆ ಮಾಡಿಸಿತ್ತು. ಆದರೆ ಬೋಗನ್‌ವಿಲ್ ಒಳಗೇ ಕುದಿಯುತ್ತಿತ್ತು. ಪಂಗುನಾದ ಭಾರಿ ತಾಮ್ರದ ಗಣಿ ಅಲ್ಲಿನವರ ನೆಲ ಅಗೆದಿತ್ತು, ನದಿ ಕೆಡಿಸಿತ್ತು, ಕೊಟ್ಟ ಪರಿಹಾರ ಚೂರುಪಾರು. 1988ರ ಕೊನೆಗೆ ಸಿಟ್ಟು ಒಡೆದು ಬಂಡಾಯವಾಯಿತು, ಹತ್ತು ವರ್ಷದ ಯುದ್ಧವಾಯಿತು. ಸತ್ತವರು ಇಪ್ಪತ್ತು ಸಾವಿರದ ತನಕ ಇರಬಹುದು ಎಂಬ ಅಂದಾಜಿದೆ. ನೆಲಕ್ಕಾಗಿ ಹೊತ್ತಿಕೊಂಡ ಊರಿನಲ್ಲಿ ಹೊರಗಿನಿಂದ ಬಂದವರಿಗೆ ಜಾಗವೆಲ್ಲಿ? 1989ರ ಹೊತ್ತಿಗೆ ಕಾರ್ಟರೆಟ್‌ನವರು ತಿರುಗಿ ತಮ್ಮ ಮರಳಿನ ದ್ವೀಪಕ್ಕೇ ಬಂದರು.

ಯುದ್ಧ ಮುಗಿದ ಮೇಲೆ ಮತ್ತೆ ಸ್ಥಳಾಂತರದ ಮಾತು ಎದ್ದಿತು. ಪತ್ರಿಕೆಗಳು ಇವರನ್ನು ‘ಜಗತ್ತಿನ ಮೊದಲ ಹವಾಮಾನ ನಿರಾಶ್ರಿತರು’ ಎಂದು ಕರೆದವು. ಸರ್ಕಾರದ ಭರವಸೆ ಕಾಗದದಲ್ಲೇ ಉಳಿಯಿತು. ಕಾದು ಸಾಕಾಗಿ ದ್ವೀಪದ ಹಿರಿಯರು 2006ರಲ್ಲಿ ತಾವೇ ಒಂದು ಸಂಸ್ಥೆ ಮಾಡಿದರು. ಮುಂದೆ ನಿಂತವರು ದ್ವೀಪದ ಮಗಳು ಉರ್ಸುಲಾ ರಾಕೋವಾ. ಸಂಸ್ಥೆಯ ಹೆಸರು ತುಲೆಲೆ ಪೆಯಿಸಾ. ‘ನಮ್ಮ ಬಲದಲ್ಲೇ ಅಲೆ ದಾಟುವುದು’ ಎಂದು ಅರ್ಥ.

ನನಗೆ ಮುಖ್ಯ ಅನಿಸುವುದು ಅವರು ಕೆಲಸ ಮಾಡಿದ ರೀತಿ. ಬೋಗನ್‌ವಿಲ್‌ನಲ್ಲಿ ಖಾಲಿ ಕಾಣುವ ಕಾಡಿಗೂ ಒಂದು ಕುಲದ ಹಕ್ಕಿರುತ್ತದೆ. ದುಡ್ಡು ಕೊಟ್ಟು ಕೊಳ್ಳುವುದು ಕಷ್ಟ, ಸರ್ಕಾರ ಕಿತ್ತು ಕೊಟ್ಟರೆ ಮತ್ತೆ ಜಗಳ. ಕೊನೆಗೆ ಬೋಗನ್‌ವಿಲ್‌ನ ಟಿನ್‌ಪುಟ್ಸ್ ಎಂಬಲ್ಲಿ ಕ್ಯಾಥೊಲಿಕ್ ಚರ್ಚ್ ತನ್ನ ಹಳೆಯ ತೋಟದ ಜಾಗ ಕೊಟ್ಟಿತು. ಆಮೇಲೂ ಸುಮ್ನೆ ಹೋಗಿ ಕೂರಲಿಲ್ಲ. ದ್ವೀಪದವರು, ಟಿನ್‌ಪುಟ್ಸ್‌ನವರು ಒಬ್ಬರ ಊರಿಗೆ ಒಬ್ಬರು ಹೋಗಿ ಬಂದರು. ಮಾತಾಡಿದರು, ಹಿರಿಯರನ್ನು ಒಪ್ಪಿಸಿದರು. 2009ರಲ್ಲಿ ಮೊದಲು ಹೋದದ್ದು ಐದು ಮನೆಯ ಗಂಡಸರು. ಹೆಂಡತಿ ಮಕ್ಕಳು ಬರುವ ಮುಂಚೆ ತಿನ್ನಲು ಏನಾದರೂ ಬೆಳೆದಿರಬೇಕು ಅಂತ ಅವರು ನೆಲ ಹಸನು ಮಾಡಿ ಗೆಣಸು, ಬಾಳೆ ನೆಟ್ಟರು.

ಕೆಲವರಿಗೆ ಒಗ್ಗಲಿಲ್ಲ, ತಿರುಗಿ ಹೋದರು. ಮೀನು ಹಿಡಿದು ಬದುಕಿದವರಿಗೆ ಗುಡ್ಡದ ಬೇಸಾಯ ಹೊಸದು. ಉಳಿದವರು ಮನೆ ಕಟ್ಟಿದರು, ಕೋಕೋ ಬೆಳೆದು ಮಾರತೊಡಗಿದರು. ಸಾವಿರಕ್ಕೂ ಹೆಚ್ಚು ಜನರನ್ನು ಕರೆತರುವ ಗುರಿಯಿತ್ತು, ಬಂದು ನೆಲೆಯಾದದ್ದು ಕೆಲವೇ ಕುಟುಂಬ. ದುಡ್ಡು ಸಾಲದು, ಜಾಗ ಸಾಲದು. 2019ರ ಜನಮತದಲ್ಲಿ ಬೋಗನ್‌ವಿಲ್‌ನ ಶೇ. 98ರಷ್ಟು ಮತ ಸ್ವತಂತ್ರ ದೇಶದ ಪರವಾಗಿ ಬಿತ್ತು, ಅಲ್ಲಿನ ನಾಯಕರ ಗಮನ ಆ ಕಡೆ ತಿರುಗಿತು.

ಹಳೆಯ ದ್ವೀಪವನ್ನು ಇವರು ಪೂರ್ತಿ ಬಿಟ್ಟುಕೊಟ್ಟಿಲ್ಲ. ಅಜ್ಜ ಅಜ್ಜಿಯರ ಗೋರಿ ಅಲ್ಲಿವೆ, ಮೀನಿನ ಹಕ್ಕೂ ಅಲ್ಲೇ. ಟಿನ್‌ಪುಟ್ಸ್‌ನಲ್ಲಿ ಬೆಳೆದ ಗೆಣಸು, ಬಾಳೆಕಾಯಿಯನ್ನು ಅಲ್ಲಿ ಉಳಿದ ಬಳಗಕ್ಕೆ ಕಳಿಸುತ್ತಾರೆ. ಅಲ್ಲಿನವರು ‘ಬನಾನಾ ಬೋಟ್’ ಅನ್ನುವ ಮೋಟಾರ್ ದೋಣಿಗೆ ಮೇಲೆ ಸೂರಿಲ್ಲ, ದಾರಿಯುದ್ದಕ್ಕೂ ತೆರೆದ ಸಮುದ್ರ. ಚೀಲ ನೆನೆಯದ ಹಾಗೆ ಹೊದಿಸಿ, ಗಾಳಿ ನೋಡಿಕೊಂಡು ಹೊರಡುತ್ತಾರೆ.