ಸಿಡಿಎಂಎ: ಎರಡು ಪಾಳಯ, ಎರಡು ಅರ್ಥ

ಸಿಡಿಎಂಎ ಅಂದರೆ ಕೋಡ್ ಡಿವಿಷನ್ ಮಲ್ಟಿಪಲ್ ಆಕ್ಸೆಸ್. ಒಂದೇ ತರಂಗಾಂತರದಲ್ಲಿ, ಒಂದೇ ಹೊತ್ತಿನಲ್ಲಿ, ಹಲವರ ಫೋನ್ ಕರೆ ಸಾಗಿಸುವ ವಿಧಾನ. 1990ರ ದಶಕದಲ್ಲಿ ಅಮೆರಿಕದ ಟೆಲಿಕಾಂ ಷೇರುದಾರರು ಇದರ ಹೆಸರಿನಲ್ಲಿ ವರ್ಷಗಟ್ಟಲೆ ವಾದ ಮಾಡಿದರು. ಆ ವಾದ ಅರ್ಥವಾಗಬೇಕಾದರೆ ಮೊದಲು ತಂತ್ರಜ್ಞಾನವನ್ನು ಸ್ವಲ್ಪ ನೋಡಬೇಕು.

ತರಂಗಾಂತರ ಅನ್ನೋದು ಬೇಕಾದಷ್ಟು ಸಿಗುವ ವಸ್ತುವಲ್ಲ. ಇರುವುದನ್ನೇ ಹಂಚಿಕೊಳ್ಳಬೇಕು. ಜಿಎಸ್‌ಎಂ ಎಂಬ ಮೊಬೈಲ್ ಪದ್ಧತಿ ಇದಕ್ಕೆ ಸಮಯವನ್ನು ತುಂಡು ಮಾಡಿತು. 200 ಕಿಲೋಹರ್ಟ್ಸ್‌ನ ಒಂದು ಚಾನೆಲ್‌ನಲ್ಲಿ 8 ಸರದಿ, ಒಬ್ಬೊಬ್ಬರಿಗೆ ಒಂದೊಂದು. ಫಿನ್ಲೆಂಡ್‌ನಲ್ಲಿ 1991ರಲ್ಲಿ ಶುರುವಾದ ಈ ಪದ್ಧತಿ ಬೇಗ ಯುರೋಪನ್ನೆಲ್ಲ ಆವರಿಸಿತು.

ಸಿಡಿಎಂಎಯಲ್ಲಿ ಸರದಿಯೇ ಇಲ್ಲ. 1.25 ಮೆಗಾಹರ್ಟ್ಸ್ ಅಗಲದ ಜಾಗದಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಮಾತು ಕಲಸಿಹೋಗುವುದಿಲ್ವಾ? ಪ್ರತಿಯೊಬ್ಬರಿಗೂ ಒಂದೊಂದು ಕೋಡ್, ಅಂದರೆ ಅಂಕಿಗಳ ಸಾಲು, ಕೊಟ್ಟಿರುತ್ತಾರೆ. ಪುಟ್ಟ ಲೆಕ್ಕ ಮಾಡಿ ನೋಡೋಣ. ಒಬ್ಬರ ಕೋಡ್ (+1, +1), ಇನ್ನೊಬ್ಬರದು (+1, −1) ಅಂದುಕೊಳ್ಳಿ. ಮೊದಲಿನವರು +1 ಕಳಿಸಬೇಕು, ಎರಡನೆಯವರು −1. ಇಬ್ಬರೂ ತಮ್ಮ ಅಂಕಿಯನ್ನು ತಮ್ಮ ಕೋಡ್‌ನಿಂದ ಗುಣಿಸಿ ಕಳಿಸುತ್ತಾರೆ: (+1, +1) ಮತ್ತು (−1, +1). ಗಾಳಿಯಲ್ಲಿ ಎರಡೂ ಕೂಡಿ (0, 2) ಆಗುತ್ತದೆ. ಈ ಮೊತ್ತವನ್ನು ಮೊದಲಿನವರ ಕೋಡ್‌ನಿಂದ ಗುಣಿಸಿ ಕೂಡಿಸಿದರೆ 2, ಅರ್ಧ ಮಾಡಿದರೆ +1. ಎರಡನೆಯವರ ಕೋಡ್‌ನಿಂದ ಮಾಡಿದರೆ −2, ಅಂದರೆ −1. ಬೆರೆತುಹೋದದ್ದು ಮತ್ತೆ ಬೇರೆಯಾಯಿತು! ಇಷ್ಟು ಸರಳವಾದ ಗಣಿತ ಇಷ್ಟು ದೊಡ್ಡ ಕೆಲಸ ಮಾಡುತ್ತದಲ್ಲ ಅಂತ ನನಗೆ ಈಗಲೂ ಖುಷಿಯಾಗುತ್ತದೆ.

ಕಾಗದದ ಮೇಲೆ ಸರಿ, ಟವರ್ ಹತ್ತಿರ ಕಷ್ಟ. ಟವರ್ ಪಕ್ಕದಲ್ಲೇ ಇರುವ ಫೋನ್ ಜೋರಾಗಿ ಕೇಳಿಸಿ, ದೂರದ ಫೋನ್‌ನ ದನಿಯನ್ನು ಮುಚ್ಚಿಹಾಕುತ್ತದೆ. ಹಾಗಾಗಿ ಪ್ರತಿ ಫೋನ್‌ಗೂ ಸೆಕೆಂಡಿಗೆ 800 ಸಲ ‘ಶಕ್ತಿ ಹೆಚ್ಚಿಸು’, ‘ತಗ್ಗಿಸು’ ಎಂಬ ಆದೇಶ ಹೋಗುತ್ತಿರಬೇಕು. ಇದು ಲ್ಯಾಬ್ ಬಿಟ್ಟು ಬೀದಿಯಲ್ಲೂ ನಡೆಯುತ್ತದಾ ಎಂಬ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಸಿಡಿಎಂಎಯನ್ನು ಮೊಬೈಲ್‌ಗೆ ತಂದದ್ದು 1985ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಶುರುವಾದ ಕ್ವಾಲ್‌ಕಾಮ್ ಕಂಪನಿ. 1995ರಲ್ಲಿ ಹಾಂಗ್‌ಕಾಂಗ್‌ನಲ್ಲಿ, 1996ರಲ್ಲಿ ದಕ್ಷಿಣ ಕೊರಿಯಾದಲ್ಲಿ ವಾಣಿಜ್ಯ ಸೇವೆ ಶುರುವಾದ ಮೇಲೆ ಆ ಅನುಮಾನಕ್ಕೆ ಜಾಸ್ತಿ ಬಲ ಉಳಿಯಲಿಲ್ಲ.

ಆದರೂ ಷೇರುದಾರರ ಜಗಳ ನಿಲ್ಲಲಿಲ್ಲ. ಜಿಎಸ್‌ಎಂ ಉಪಕರಣ ಮಾಡುತ್ತಿದ್ದ ನೋಕಿಯಾ, ಎರಿಕ್‌ಸನ್ ಕಂಪನಿಗಳ ಷೇರು ಹಿಡಿದವರು ‘ಜಗತ್ತೇ ಜಿಎಸ್‌ಎಂ ಕಡೆಗಿದೆ, ಲೆಕ್ಕ ನೋಡಿ’ ಅಂದರು. ಕ್ವಾಲ್‌ಕಾಮ್ ಕಡೆಯವರು ‘ಮುಂದಿನದ್ದೆಲ್ಲ ಸಿಡಿಎಂಎ’ ಅಂದರು. ಇಬ್ಬರದ್ದೂ ನಿಜವೇ, ಯಾಕೆಂದರೆ ಪದ ಒಂದೇ ಆದರೂ ಅರ್ಥ ಬೇರೆ. ಒಬ್ಬರಿಗೆ ಸಿಡಿಎಂಎ ಅಂದರೆ ಅಮೆರಿಕ, ಕೊರಿಯಾದಲ್ಲಿದ್ದ ಒಂದು ನೆಟ್‌ವರ್ಕ್ ಪದ್ಧತಿ. ಇನ್ನೊಬ್ಬರಿಗೆ ಕೋಡ್‌ನಿಂದ ಹಂಚುವ ತತ್ವ. ಪದ್ಧತಿಯಾಗಿ ಅದು ಗ್ರಾಹಕರ ಸಂಖ್ಯೆಯಲ್ಲಿ ಜಿಎಸ್‌ಎಂ ಹತ್ತಿರಕ್ಕೂ ಬರಲಿಲ್ಲ. ತತ್ವವಾಗಿ ಗೆದ್ದಿತು: ಜಿಎಸ್‌ಎಂ ಪಾಳಯ ತನ್ನ 3ಜಿಗೆ ಆರಿಸಿಕೊಂಡ ಡಬ್ಲ್ಯುಸಿಡಿಎಂಎ ಕೂಡ ಕೋಡ್ ಮೇಲೆಯೇ ನಿಂತಿತ್ತು.

ಹೂಡಿಕೆದಾರರಿಗೆ ಮುಖ್ಯವಾದದ್ದು ಇದೇ ಜಾಗ. ಪೇಟೆಂಟ್ ಯಾರದು, ರಾಯಲ್ಟಿ ಯಾರಿಗೆ? ಕ್ವಾಲ್‌ಕಾಮ್ ಮತ್ತು ಎರಿಕ್‌ಸನ್ ಈ ಪೇಟೆಂಟ್‌ಗಳಿಗಾಗಿ ಕೋರ್ಟಿನಲ್ಲಿದ್ದವು. 1999ರ ಮಾರ್ಚ್‌ನಲ್ಲಿ ರಾಜಿಯಾಯಿತು. ಕ್ವಾಲ್‌ಕಾಮ್‌ನ ನೆಟ್‌ವರ್ಕ್ ಉಪಕರಣಗಳ ವಿಭಾಗವನ್ನು ಎರಿಕ್‌ಸನ್ ಕೊಂಡುಕೊಂಡಿತು. ಫೋನ್ ತಯಾರಿಸುವ ವಿಭಾಗ ಜಪಾನಿನ ಕ್ಯೋಸೆರಾ ಕಂಪನಿಯ ಪಾಲಾಯಿತು. ಕ್ವಾಲ್‌ಕಾಮ್ ಕೈಯಲ್ಲಿ ಮುಖ್ಯವಾಗಿ ಉಳಿದದ್ದು ಚಿಪ್ ಮತ್ತು ರಾಯಲ್ಟಿ. ಫೋನ್ ಯಾರದೇ ಮಾರಾಟವಾಗಲಿ, ಕೋಡ್ ತತ್ವ ಬಳಸಿದರೆ ಪಾಲು ಬರುತ್ತದೆ. ಆ ಒಂದೇ ವರ್ಷ ಷೇರು ಶೇ 2,600ಕ್ಕಿಂತ ಹೆಚ್ಚು ಏರಿತು.

ಆಮೇಲಿನ ಕಥೆಯನ್ನು ಗಮನವಿಟ್ಟು ಓದಬೇಕು. 2000ರಲ್ಲಿ ಟೆಕ್ ಷೇರುಗಳ ಜತೆ ಕ್ವಾಲ್‌ಕಾಮ್ ಕೂಡ ಕುಸಿಯಿತು. 3ಜಿ ಬಂತು, ರಾಯಲ್ಟಿಯೂ ಬಂತು. ಕ್ವಾಲ್‌ಕಾಮ್ ಷೇರುದಾರರ ತಾಂತ್ರಿಕ ಅಂದಾಜು ನಿಜವಾಯಿತು. ಆದರೂ ತುದಿಯಲ್ಲಿ ಷೇರು ಕೊಂಡವರು ಆ ಬೆಲೆಯನ್ನು ಮತ್ತೆ ನೋಡಲು ಸುಮಾರು 20 ವರ್ಷ ಕಾಯಬೇಕಾಯಿತು. ಕೊಳ್ಳುವಾಗಲೇ ಮುಂದಿನ ಎಷ್ಟೋ ವರ್ಷದ ಲಾಭಕ್ಕೆ ಬೆಲೆ ಕೊಟ್ಟಿದ್ದರು, ಅಷ್ಟೇ. ಸೇವೆ ಕೊಡುವ ಕಂಪನಿಗಳ ಪಾಡು ಇನ್ನೊಂದು ಥರ. ಬ್ರಿಟನ್‌ನ 3ಜಿ ಹರಾಜಿನಲ್ಲಿ ಅವು 2000ರಲ್ಲಿ ಸುಮಾರು 2,250 ಕೋಟಿ ಪೌಂಡ್ ಸುರಿದವು. ತಂತ್ರಜ್ಞಾನ ಒಳ್ಳೆಯದೇ ಇದ್ದರೂ ಆ ದುಡ್ಡು ಹುಟ್ಟಿಸಿಕೊಳ್ಳುವುದು ಅವುಗಳ ತಲೆನೋವಾಯಿತು.

ಮುಂದೆ 4ಜಿ ಕೋಡ್ ಹಂಚಿಕೆಯನ್ನೇ ಕೈಬಿಟ್ಟು, ತರಂಗಾಂತರವನ್ನು ಸಣ್ಣ ಸಣ್ಣ ಪಟ್ಟಿಗಳಾಗಿ ಹಂಚುವ ಒಎಫ್‌ಡಿಎಂಎ ವಿಧಾನಕ್ಕೆ ಹೋಯಿತು. ಕ್ವಾಲ್‌ಕಾಮ್ 4ಜಿಗೆಂದು ಮಾಡುತ್ತಿದ್ದ ತನ್ನದೇ ಪ್ರತಿಸ್ಪರ್ಧಿ ಯೋಜನೆ ಯುಎಂಬಿಯನ್ನು 2008ರಲ್ಲಿ ನಿಲ್ಲಿಸಿ, ಈಗಿನ 4ಜಿ ಪದ್ಧತಿಯಾದ ಎಲ್‌ಟಿಇ ಕಡೆ ಬಂತು. ಅಮೆರಿಕದ ಮೊಬೈಲ್ ಸೇವಾ ಕಂಪನಿ ವೆರೈಝನ್ 2022ರ ಕೊನೆಗೆ ತನ್ನ ಸಿಡಿಎಂಎ ನೆಟ್‌ವರ್ಕ್ ಮುಚ್ಚಿತು. ಕ್ವಾಲ್‌ಕಾಮ್‌ಗೆ ಮಾತ್ರ 4ಜಿ, 5ಜಿ ಪೇಟೆಂಟ್‌ಗಳಿಂದ ರಾಯಲ್ಟಿ ಈಗಲೂ ಬರುತ್ತಿದೆ.